ಕೆಂಚಿ ಮತ್ತು ಕವಳಿ ಪೊದೆ

ಮಕ್ಕಳೇ, ಒಂದು ಕುರುಚಲು ಕಾಡಿನ ಕೆರೆಯಂಚಿನಲ್ಲಿ ಕವಳಿ ಹಣ್ಣಿನ ಪೊದೆ ಇತ್ತು. ಅದರ ಬುಡದಲ್ಲಿ ಕೆಂಚಿ ಎಂಬ ಮೊಲ ವಾಸವಾಗಿದ್ದಳು, ಕೊಂಬೆಯ ಮೇಲೆ ಮುದಿ ಪಿಕಳಾರ ಹಕ್ಕಿ. ಕೆಂಚಿ ತಾಯಿಯಿಲ್ಲದೆ ಬೆಳೆದವಳು. ಗಿಡುಗ ಬಂದಾಗೆಲ್ಲ ಕೂಗಿ ಎಚ್ಚರಿಸಿ ಅವಳನ್ನು ಉಳಿಸಿದ್ದು ಈ ಹಕ್ಕಿಯಜ್ಜಿಯೇ.

ಈಗ ಅಜ್ಜಿಯ ರೆಕ್ಕೆ ಸೋತಿತ್ತು. ದೂರ ಹಾರಲು ಆಗುತ್ತಿರಲಿಲ್ಲ. ಪೊದೆಯಲ್ಲೂ ಆ ವರ್ಷ ಹಣ್ಣು ಕಡಿಮೆ.

"ಅಜ್ಜಿ, ಮುಂದಿನ ಬೇಸಿಗೆಗೆ ನಿನ್ನ ಕೊಂಬೆಯಲ್ಲೇ ಹಣ್ಣು ತುಂಬಿರುತ್ತದೆ, ನೋಡುತ್ತಿರು," ಎಂದಳು ಕೆಂಚಿ.

ಪಕ್ಕದ ಹೊಂಗೆ ಮರದಡಿ ಕೊಳೆತ ತರಗೆಲೆ ಬೇಕಾದಷ್ಟಿತ್ತು. 'ಇದನ್ನು ಗೊಬ್ಬರವಾಗಿ ಹಾಕಿದರೆ ಗಿಡ ಬೆಳೆಯುವುದು ಯಾವಾಗ?' ಎಂದುಕೊಂಡು ಕೆಂಚಿ ಕಾಡಿನಾಚೆಯ ಒಂದು ಗುಹೆಗೆ ಓಡಿದಳು. ಅಲ್ಲಿ ಬಾವಲಿಗಳ ಹಸಿ ಹಿಕ್ಕೆ ರಾಶಿ ಬಿದ್ದಿತ್ತು. ಅದನ್ನು ಮುತ್ತುಗದ ಎಲೆಯಲ್ಲಿ ತಂದು ಬುಡಕ್ಕೆ ಸುರಿದಳು. ಪೊದೆ ಬೇಗನೆ ಹಚ್ಚಹಸಿರಾಗಿ ಚಿಗುರಿತು. ಕೆಂಚಿಗೆ ಹಿಗ್ಗೋ ಹಿಗ್ಗು. ಇನ್ನಷ್ಟು ತಂದಳು, ಮತ್ತಷ್ಟು ತಂದಳು.

ಹೂ ಬಿಡುವ ಕಾಲ ಬಂತು. ಪೊದೆಯ ತುಂಬ ಎಲೆಯೇ ಎಲೆ, ಒಂದು ಮೊಗ್ಗೂ ಇಲ್ಲ. ಆಮೇಲೆ ಎಲೆಯಂಚು ಕಂದಿತು, ಚಿಗುರು ಸುಟ್ಟಂತೆ ಒಣಗಿತು. ಕೆಂಚಿ ಬುಡದಲ್ಲಿ ಕುಳಿತು ಅತ್ತಳು.

"ನಿನ್ನ ಮನೆಯನ್ನೇ ಹಾಳು ಮಾಡಿಬಿಟ್ಟೆ, ಅಜ್ಜಿ."

ಅಜ್ಜಿ ಮೆಲ್ಲನೆ ಕೆಳಗಿಳಿದು ಅವಳ ಪಕ್ಕ ಕುಳಿತಳು. "ಹಸಿ ಹಿಕ್ಕೆ ಬಲು ಖಾರ, ಮಗಳೇ. ಬರೀ ಎಲೆ ಬೆಳೆಸುತ್ತದೆ, ಹೆಚ್ಚಾದರೆ ಬೇರನ್ನು ಸುಡುತ್ತದೆ. ಈ ಗಿಡಕ್ಕೆ ತರಗೆಲೆಯ ನಿಧಾನದ ಊಟವೇ ಹಿತ. ನನಗೆ ಗೊತ್ತಿತ್ತು. ಆದರೆ ನೀನು ಅಷ್ಟು ಆಸೆಯಿಂದ ಹೊತ್ತು ತರುವಾಗ ಬೇಡ ಎನ್ನಲು ಮನಸ್ಸು ಬರಲಿಲ್ಲ."

"ನಾನೂ ಒಂದು ಮಾತು ಕೇಳಬೇಕಿತ್ತು," ಎಂದು ಕೆಂಚಿ ಕಣ್ಣೊರೆಸಿಕೊಂಡಳು.

ಅವಳು ಹಿಕ್ಕೆಯನ್ನೆಲ್ಲ ಕೆರೆದು ದೂರ ತಳ್ಳಿದಳು. ಮತ್ತೆ ಮತ್ತೆ ಕೆರೆಯಲ್ಲಿ ಮೈ ನೆನೆಸಿ ಬಂದು ಬುಡಕ್ಕೆ ನೀರು ಕೊಡವಿದಳು. ಕೊಳೆತು ಕಪ್ಪಾದ ತರಗೆಲೆ ಹರಡಿದಳು. ಆ ಬೇಸಿಗೆಯೆಲ್ಲ ದೂರದ ಆಲದ ಮರದಡಿ ಬಿದ್ದ ಹಣ್ಣನ್ನು ಬಾಯಲ್ಲಿ ಕಚ್ಚಿ ತಂದು ಅಜ್ಜಿಗೆ ಕೊಟ್ಟಳು.

ಮರುವರ್ಷ ಪೊದೆ ಬಿಳಿ ಹೂ ಬಿಟ್ಟಿತು. ಬೇಸಿಗೆಗೆ ಕೊಂಬೆ ಕೊಂಬೆಯಲ್ಲೂ ಕಪ್ಪು ಹಣ್ಣು. ಅಜ್ಜಿ ಮೊದಲ ಹಣ್ಣನ್ನು ಕೊಕ್ಕಿನಿಂದ ಕಿತ್ತಳು. ತಾನು ತಿನ್ನದೆ ಕೆಂಚಿಯ ಮುಂದೆ ಹಾಕಿದಳು.

"ಮೊದಲು ನೀನು ತಿನ್ನು, ಮಗಳೇ. ನಾನು ಇಲ್ಲೇ ಕೂತು ನೋಡುತ್ತೇನೆ."

ನೀತಿ: ಪ್ರೀತಿಸುವವರಿಗೆ ಏನು ಹಿತವೆಂದು ಕೇಳಿ ಕೊಡಬೇಕು, ಹಿತವಲ್ಲದ್ದನ್ನು ಪ್ರೀತಿಯಿಂದಲೇ ಬೇಡವೆನ್ನಬೇಕು.