ಬೇರು ತೊಳೆದವನು

ಒಣ ಬೆಟ್ಟದ ಮೇಲೊಂದು ಆಶ್ರಮ. ಅದರ ಹಿಂದೆ ಓಕ್ ಮರಗಳ ಕಾಡು.

ಶ್ರೀಪತಿ ಅಲ್ಲಿ ಶಿಷ್ಯನಾಗಿದ್ದ. ಅವನ ಮಡಿಯೆಂದರೆ, ತೊಳೆದ ನೀರನ್ನೇ ಇನ್ನೊಮ್ಮೆ ತೊಳೆಯುವಂಥದ್ದು. ಉಳಿದವರೆಲ್ಲ ಪಂಕ್ತಿಯಲ್ಲಿ ಕೂತು ಉಂಡರೆ ಇವನು ಹಿತ್ತಲಲ್ಲಿ ಒಬ್ಬನೇ ಎಲೆ ಹಾಕಿಕೊಳ್ಳುತ್ತಿದ್ದ.

ಬಿರುಗಾಳಿಗೆ ಅಂಗಳದ ಓಕ್ ಮರ ಉರುಳಿದಾಗ ಗುರುಗಳು ಅವನನ್ನು ಕರೆದರು. "ಆ ಜಾಗದಲ್ಲಿ ಒಂದು ಸಸಿ ನೆಡು" ಎಂದರು.

ಕಾಡಿನಿಂದ ಸಸಿ ತಂದ, ನೆಟ್ಟ, ದಿನಾ ನೀರೆರೆದ. ಒಣಗಿತು. ಇನ್ನೊಂದು ತಂದ. ಅದೂ ಒಣಗಿತು. ಮತ್ತೊಂದರ ಎಲೆ ಮುರುಟತೊಡಗಿದಾಗ ಶ್ರೀಪತಿ ಬಟ್ಟೆಯ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ನನ್ನ ಕೈಗುಣವೇ ಸರಿಯಿಲ್ಲ ಗುರುಗಳೇ. ಮುಟ್ಟಿದ್ದೆಲ್ಲ ಸಾಯುತ್ತೆ. ನಾನು ಹೊರಟುಬಿಡ್ತೀನಿ."

"ಹೋಗುವಿಯಂತೆ. ಹೇಗೆ ನೆಟ್ಟೆ, ಮೊದಲು ಅದನ್ನು ಹೇಳು."

"ಅದರಲ್ಲೇನೂ ಲೋಪ ಮಾಡಿಲ್ಲ. ಬೇರಿಗೆ ಬಿಳೀ ಬೂಷ್ಟು ಹತ್ತಿತ್ತು. ಒಂದೆಳೆಯೂ ಉಳಿಯದ ಹಾಗೆ ತಿಕ್ಕಿ ತೊಳೆದು, ಜರಡಿ ಹಿಡಿದ ಮರಳಲ್ಲಿ ನೆಟ್ಟೆ."

ಗುರುಗಳು ನಕ್ಕುಬಿಟ್ಟರು. ಬುಟ್ಟಿ ಹಿಡಿದು, ಅವನನ್ನೂ ಕರೆದುಕೊಂಡು ಕಾಡಿಗೆ ನಡೆದರು. ಮುದಿ ಓಕ್ ಮರವೊಂದರ ಬುಡದಲ್ಲಿ ತರಗೆಲೆ ಸರಿಸಿ ಮಣ್ಣು ಕೆದಕಿದರು. ಬೇರಿನ ತುದಿತುದಿಗೂ ಅದೇ ಬಿಳಿ ಎಳೆಗಳು.

"ಅಯ್ಯೋ, ಇದಕ್ಕೂ ರೋಗ!" ಎಂದ ಶ್ರೀಪತಿ.

"ರೋಗವಾಗಿದ್ದರೆ ನಮ್ಮ ಗುರುಗಳ ಕಾಲದಿಂದ ಈ ಮರ ನಿಂತಿರ್ತಿತ್ತೇನಯ್ಯಾ? ಇದು ಅಣಬೆಯ ಎಳೆ. ಬೇರು ನುಗ್ಗಲಾರದ ಸಂದಿಗೆ ನುಗ್ಗಿ ನೀರು ತರುತ್ತೆ. ಮರ ತನ್ನ ಎಲೆಯಲ್ಲಿ ಅಡುಗೆ ಮಾಡಿ ಇದಕ್ಕೊಂದು ಪಾಲು ಕೊಡುತ್ತೆ."

ಆ ಮಣ್ಣನ್ನು ಬುಟ್ಟಿ ತುಂಬ ತಂದು ಸಸಿಯ ಬುಡಕ್ಕೆ ಹಾಕಿದರು. ಶ್ರೀಪತಿಯ ಗಂಟನ್ನು ತಮ್ಮ ಕೋಣೆಯಲ್ಲಿಟ್ಟುಕೊಂಡರು.

ಮಳೆ ಬಂತು, ಹೋಯಿತು. ಒಂದು ಮಧ್ಯಾಹ್ನ ನೋಡಿದರೆ ಸಸಿಯ ತುದಿಯಲ್ಲಿ ಕೆಂಪು ಚಿಗುರು. ಶ್ರೀಪತಿ ಮಡಿ ಮರೆತು ಮಣ್ಣಲ್ಲೇ ಕುಕ್ಕರುಬಡಿದ. ನಗುತ್ತ ನಗುತ್ತ ಅತ್ತುಬಿಟ್ಟ.

"ಹಾಗಾದ್ರೆ ನನ್ನ ಕೈಗುಣ ಕೆಟ್ಟದ್ದಲ್ಲ, ಅಲ್ವಾ ಗುರುಗಳೇ?"

ಪಕ್ಕದಲ್ಲಿದ್ದ ಗುರುಗಳು ಬಗ್ಗಿ ಚಿಗುರು ನೋಡಿದರು. ಊಟದ ಗಂಟೆ ಮೊಳಗಿತು. ಶ್ರೀಪತಿ ಎದ್ದು, ರೂಢಿಯಂತೆ ಹಿತ್ತಲ ಕಡೆ ತಿರುಗಿದ. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಎಲೆ ಇವತ್ತು ಪಂಕ್ತಿಯಲ್ಲಿ ಹಾಕಿಸಿದೀನಿ. ಕೈ ತೊಳ್ಕೊಂಡು ಬಾ. ಬೇರು ತೊಳೀಬೇಡ."