ವಲ್ಲಿ ಕೆಳಗ ಕೈ ಹಾಕದ ಸಂಕವ್ವ

ಭಾಳ ಹಿಂದಿನ ಮಾತು. ಎಷ್ಟು ಹಿಂದಿಂದು ಅಂತ ಕೇಳಬ್ಯಾಡ್ರಿ, ಕೇಳಿದ್ರ ನಾ ಸುಳ್ಳು ಹೇಳಬೇಕಾಗತೈತಿ. ಎರಿಹಾಳ ಅನ್ನೂ ಒಂದೂರಾಗ ಸಂಕವ್ವ ಅನ್ನಾಕಿ ಇದ್ದಳಂತ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಕಿಗಂತ ಇದ್ದಾಂವ ಒಬ್ಬನ ಒಬ್ಬ ತಮ್ಮ, ಅಡಿವೆಪ್ಪ. ಅವ್ವ ಲಗೂನ ಹೋಗಿದ್ದಕ್ಕ ಅಕ್ಕನ ಅವನ್ನ ಬಗಲಾಗ ಹೊತ್ತು ಬೆಳಸಿದ್ದಳು. ಇದನ್ನೆಲ್ಲಾ ನನಗ ಹೇಳಿದಾಕಿ ನಮ್ಮಜ್ಜಿ. ನಮ್ಮಜ್ಜಿ ಹೇಳಿದ್ದರಾಗ ಅರ್ಧ ನಾ ನಂಬೂದಿಲ್ಲ. ಯಾವ ಅರ್ಧ ಅಂತ ನನಗೂ ಗೊತ್ತಿಲ್ಲ, ನೀವ ಆರಿಸ್ಕೊರಿ.

ಆಗ ಪೇಟ್ಯಾಗ ಹತ್ತಿ ಮಾರೂ ರೀತಿನ ಬ್ಯಾರೆ ಇತ್ತು. ಬಾಯಿಲೆ ಯಾರೂ ದರ ಹೇಳತಿದ್ದಿಲ್ಲ. ದಲಾಲಿ ತನ್ನ ಹೆಗಲ ಮ್ಯಾಲಿನ ವಲ್ಲಿ ತಗದು ರೈತನ ಕೈಮ್ಯಾಲೆ ಹೊಚ್ಚತಿದ್ದ. ಆ ವಲ್ಲಿ ಕೆಳಗ ಅವನ ಬೆರಳು ಹಿಡದು ಅದಮತಿದ್ದ. ಎಷ್ಟು ಬೆರಳು ಹಿಡದ, ಹೆಂಗ ಅದುಮಿದ, ಅದ ದರ. ಬಾಜೂಕ ನಿಂತಾಂವಗೂ ಗೊತ್ತಾಗತಿದ್ದಿಲ್ಲ. ನಿನಗಷ್ಟ ಚಲೋ ದರ ಕೊಟ್ಟೇನಿ, ಯಾರ ಮುಂದೂ ಹೇಳಬ್ಯಾಡ ಅಂತ ದಲಾಲಿ ಎಲ್ಲಾರ ಕಿವ್ಯಾಗೂ ಅಂತಿದ್ದ. ಎಲ್ಲಾರೂ ಒಳಗೊಳಗ ಖುಷಿ ಪಟಕೊಂಡು ಮನಿಗೆ ಬರತಿದ್ದರು, ಹೇಣ್ತಿ ಮುಂದೂ ಬಾಯಿ ಬಿಡತಿದ್ದಿಲ್ಲ. ಎಂಥಾ ಶಾಣ್ಯಾರು ನೋಡ್ರಿ. ಮನ್ಯಾಗ ಮಾತ್ರ ವರ್ಷಾ ವರ್ಷಾ ಜ್ವಾಳದ ಹಗೇವು ಲಗೂನ ತಳ ಕಾಣತಿತ್ತು.

ಒಂದು ಸುಗ್ಗಿಯೊಳಗ ಅಡಿವೆಪ್ಪಗ ಜ್ವರ ಬಂದು ಮಲಗಿದ. ಸಂಕವ್ವ ತಾನ ಗಾಡಿ ಹೂಡಕೊಂಡು ಪೇಟಿಗೆ ಹೋದಳಂತ. ದಲಾಲಿ ಹತ್ತಿ ಮುಟ್ಟಿ ನೋಡಿದ, ರೂಢಿ ಪ್ರಕಾರ ವಲ್ಲಿ ತಗದ, ತಗದು ಹಂಗ ನಿಂತ. ತುಂಬಿದ ಪೇಟ್ಯಾಗ, ಪರರ ಮನಿ ಹೆಣ್ಣುಮಗಳ ಕೈ, ಅದೂ ಅರವಿ ಕೆಳಗ ಹೆಂಗ ಹಿಡಿಯೂದು? ಹಿಡದಿದ್ದರ ಅಲ್ಲೇ ಕೆರಾ ಬೀಳತಿದ್ದವು. ಸಂಕವ್ವ ಸೆರಗಿನ್ಯಾಗ ಕೈ ಕಟಗೊಂಡು, ಬಾಯಿಲೆ ಹೇಳ್ರಿ ಅಂದಳಂತ.

ಹೇಳಬೇಕಂದ್ರ ಅವನ ಬಾಯಿಗೆ ಆ ಮಾತಿನ ರೂಢಿನ ಇರಲಿಲ್ಲ. ಕೆಮ್ಮಿದನಂತ, ನೀರು ಕುಡದನಂತ. ಕಡಿಮಿ ಹೇಳಿದ್ರ ಬಾಜೂಕಿನ ದಲಾಲಿ ಒಂದು ಮಾತು ಹೆಚ್ಚಿಗೆ ಅಂದು ಮಾಲು ಒಯ್ದಾನು ಅನ್ನೂ ಅಂಜಿಕಿ. ಕಡೀಕ ಖರೇ ದರಾನ ಹೇಳಿದ. ಸುತ್ತಲಿನ ರೈತರು ಕೇಳಿದರು. ಅಂಥಾ ದರ ಅವರ ಬೆರಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಪೇಟ್ಯಾಗ ಇದ್ದ ಅಷ್ಟೂ ರೈತರು ಒಮ್ಮಿಗೇ ವಲ್ಲಿ ಕೆಳಗಿಂದ ಕೈ ಜಗ್ಗಿಕೊಂಡರು ಅಂತಾರ. ನನಗೇನೋ ಅನುಮಾನ. ಒಬ್ಬ ಜಗ್ಗಿರಬೇಕು, ಉಳದಾವರು ಅವನ್ನ ನೋಡಿ ಜಗ್ಗಿರಬೇಕು.

ಮುಂದಿನ ಸಂತಿಗೆ ಊರೂರಿಂದ ಹೆಣ್ಣುಮಕ್ಕಳೇ ಗಾಡಿ ಹೊಡಕೊಂಡು ಬಂದರಂತ. ಮುಂದಿನ ಗಾಡಿ ಪೇಟಿ ಅಗಸಿಬಾಗಲಾ ದಾಟಿದಾಗ ಹಿಂದಿನ ಗಾಡಿಗೆ ಇನ್ನೂ ಎತ್ತು ಹೂಡತಿದ್ದರು ಅಂತಾರ. ಗಂಡಸರು ಮನ್ಯಾಗ ಕೂಸು ಆಡಿಸಿಕೋತ ಕುಂತರು. ದಲಾಲಿಗಳು ಒಂದಿಷ್ಟು ದಿನ ಸಹಿಸಿದರು, ಆಮ್ಯಾಲೆ ಎಲ್ಲಾರೂ ಕೂಡಿ, ಹೆಂಗಸರ ಕಡಿಂದ ಮಾಲು ತಗೊಳ್ಳೂದಿಲ್ಲ, ಗಂಡಸರನ್ನ ಕಳಸ್ರಿ ಅಂತ ಬಾಗಲಾ ಹಾಕಿದರು.

ಆಗ ಸಂಕವ್ವ ಊರೂರು ತಿರುಗಿದಳಂತ. ಯಾರೂ ಮಾರಬ್ಯಾಡ್ರಿ, ಕೂಡಿ ಇರೂಣು, ನಮ್ಮದ ಒಂದು ಸಂಘ ಕಟ್ಟೂಣು ಅಂತ ಹೇಳಿಕೋತ ಹೋದಳು. ಎಲ್ಲಾರೂ ಹೌದ್ಹೌದು ಅಂದರು, ಯಾರೂ ಯಾರನ್ನೂ ನಂಬಲಿಲ್ಲ. ಎರಿಹಾಳದವರು ಕದ್ದು ಮಾರತಾರ ಅಂತ ಹಳ್ಳದ ಆಚೆಕಡಿಯವರು, ಅವರು ಮಾರತಾರ ಅಂತ ಇವರು. ಕೂಟಕ್ಕ ಬಂದಾವರೊಳಗ ಪೇಟಿಗೆ ಸುದ್ದಿ ಮುಟ್ಟಸಾವರು ಎಷ್ಟು ಮಂದಿ ಇದ್ದರೋ, ಶಿವನ ಬಲ್ಲ.

ಮಂದಿ ಅಂತಾರ, ಆಕಿ ಎಲ್ಲಾರಿಗೂ ಪ್ರೀತಿ ಕಲಿಸಿದಳು ಅಂತ. ಸುಳ್ಳು. ಆಕಿ ಮಾಡಿದ್ದು ಬ್ಯಾರೆ. ನಂಬೂದಿಲ್ಲೇನು, ಬ್ಯಾಡ ಬಿಡ್ರಿ, ನಂಬಬ್ಯಾಡ್ರಿ ಅಂದಳು. ನಿಮ್ಮ ಹತ್ತಿ ಅವರ ಮನ್ಯಾಗ ಇಡ್ರಿ, ಅವರ ಹತ್ತಿ ನಿಮ್ಮ ಮನ್ಯಾಗ ಇರಲಿ ಅಂದಳು. ಇವರು ಕದ್ದು ಮಾರಿದ್ರ ಅವರ ಕೈಯಾಗ ಇವರ ಮಾಲು, ಅವರು ಮಾರಿದ್ರ ಇವರ ಕೈಯಾಗ ಅವರ ಮಾಲು. ಅಷ್ಟೂ ಹಳ್ಳಿಯ ಹತ್ತಿ ಹಿಂಗ ಅದಲು ಬದಲಾತು. ಒಂದು ಹಿಡಿ ಹತ್ತಿ ಸೈತ ಪೇಟಿಗೆ ಹೋಗಲಿಲ್ಲಂತ. ಹತ್ತಿ ಅರದು ಕಾಳು ಬಿಡಿಸೂ ಮಷೀನು ನಿಂತವು, ಉಗಿಬಂಡಿ ಖಾಲಿ ಹೋದವು. ನನ್ನ ಕೇಳಿದ್ರ ಈ ಕತಿಯೊಳಗ ನಾ ಪೂರಾ ನಂಬೂ ಮಾತು ಇದೊಂದ.

ಆದ್ರ ಇಷ್ಟಕ್ಕ ಮುಗಿಯೂಹಂಗಿರಲಿಲ್ಲ; ಬಾಯಿಲೆ ದರ ಹೇಳಬೇಕು ಅಂತ ಕಾಯ್ದೆ ಆಗಬೇಕಂದ್ರ ಸಂಸ್ಥಾನದ ಸಭಾದಾಗ ಆಗಬೇಕು. ಅಲ್ಲಿ ಅಲ್ಲೀತನಕ ಕುಂತಾವರೆಲ್ಲಾ ದಲಾಲಿಗಳ ಕಡಿಯವರು. ಈ ಸಲ ನಮ್ಮವನೇ ಒಬ್ಬ ಹೋಗಲಿ ಅಂತ ಸಂಘದವರು ಗಟ್ಟಿ ಮಾಡಿದರು. ದರದ ಮಾತು, ಉಗಿಬಂಡಿ ಬಾಡಿಗಿ ಮಾತು, ಸಂಘದ್ದ ಒಂದು ತಕ್ಕಡಿ ಬೇಕು ಅನ್ನೂ ಮಾತು, ಮೂರೂ ಅವ ಎತ್ತಬೇಕು. ಹೆಣ್ಣುಮಕ್ಕಳಿಗೆ ಅಲ್ಲಿ ಕುಂಡರಾಕ ಬಿಡತಿದ್ದಿಲ್ಲ. ಮಾತು ಬಲ್ಲಾಂವ, ಅಕ್ಷರ ಬಲ್ಲಾಂವ ಅಂತ ಅಡಿವೆಪ್ಪನ್ನ ಆರಿಸಿದರು.

ಆ ಕೂಟದಾಗ ಒಬ್ಬ ಮುದುಕ ಎದ್ದು ನಿಂತು, ಎಲ್ಲಾರ ಕಡಿಂದೂ ಒತ್ತಿ ಇಟಗೊಂಡಿ, ಇವನ ಕಡಿಂದ ಏನು ಇಟಗೋತಿ ಅಂತ ಸಂಕವ್ವನ್ನ ಕೇಳಿದನಂತ. ಸಂಕವ್ವಗ ಸಿಟ್ಟು ಬಂತು. ಅವನ ಒತ್ತಿ ನಾನೇ ಅಂದಳಂತ. ಯಾರನ್ನೂ ನಂಬದಾಕಿ ಒಬ್ಬನ್ನ ನಂಬಿದಳು, ಅಲ್ಲೇ ತಪ್ಪಿದಳು ನೋಡ್ರಿ.

ಅಡಿವೆಪ್ಪ ಹೋದ. ಹೊಸ ಮಳಿ ಬೀಳೂದರೊಳಗ ಸುದ್ದಿ ಬಂತು: ಕಾಯ್ದೆ ಆತು, ಇನ್ನ ಪೇಟ್ಯಾಗ ವಲ್ಲಿ ಹೊಚ್ಚೂಹಂಗಿಲ್ಲ. ಊರಾಗೆಲ್ಲಾ ಹೋಳಗಿ ಮಾಡಿದರಂತ. ಹೋಳಗಿ ಆರೂದರೊಳಗ ಇನ್ನೊಂದು ಸುದ್ದಿ ಬಂತು. ಅಡಿವೆಪ್ಪ ಸಭಾದಾಗ ದಲಾಲಿಗಳ ಸಾಲಿನ್ಯಾಗ ಕುಂತಾನಂತ. ಉಗಿಬಂಡಿ ಮಾತು ಎತ್ತಲಿಲ್ಲಂತ, ತಕ್ಕಡಿ ಮಾತೂ ಎತ್ತಲಿಲ್ಲಂತ. ಕೆಲಸ ಆತು, ಸಂಘ ಸಾಕು, ನಿಮ್ಮ ನಿಮ್ಮ ಹತ್ತಿ ನೀವು ತಗೊಂಡು ಹೋಗ್ರಿ ಅಂತ ಹೇಳಿ ಕಳಿಸಿದ. ಪೇಟ್ಯಾಗ ಮಾಳಿಗಿ ಮನಿ ಕಟ್ಟಿಸಿದ. ಹತ್ತಿ ತಿರುಗಿ ತಮ್ಮ ತಮ್ಮ ಮನಿ ಸೇರಿತು, ಸಂಘ ಅಲ್ಲಿಗೆ ಮುಗೀತು. ಮುಂದ ದಲಾಲಿಗಳು ದರ ಬಾಯಿಲೇ ಹೇಳಿ, ತೂಕದಾಗ ಹೊಡದರು.

ದಲಾಲಿಗಳೊಳಗ ಹಿರೇಂವನ ಪಡಸಾಲ್ಯಾಗ ಅಡಿವೆಪ್ಪನ ಕೈಮ್ಯಾಲೆ ವಲ್ಲಿ ಇತ್ತು, ಅವನ ದರ ಅಲ್ಲೇ ಗೊತ್ತಾತು ಅಂತಾರ. ನೋಡಿದಾವರು ಯಾರು? ಕೆಲವರು ಕ್ಷೌರ ಮಾಡೂ ನಾವಿಂದ ಅಂತಾರ, ಕೆಲವರು ನೀರು ಹೊರಾಕಿ ಅಂತಾರ. ಬ್ಯಾರೆ ದಾರಿ ಇರಲಿಲ್ಲ, ಒಂದು ಮಾತು ಉಳಸಾಕ ಎರಡು ಮಾತು ಬಿಟ್ಟಾನ ಪಾಪ ಅನ್ನಾವರೂ ಇದ್ದಾರ. ಇರಬಹುದು.

ಊರಾವರು ಸಂಕವ್ವಗ ಏನೂ ಅನಲಿಲ್ಲ. ಆಕಿ ಬಾವಿಗೆ ಬಂದ್ರ ಮಾತು ನಿಂದರತಿದ್ದವು, ಅಷ್ಟ. ಹಂಗ ನಿಂತ ಮಾತು ಕೇಳೂದು ಭಾಳ ಕಷ್ಟ.

ನಾಗರ ಪಂಚಮಿ ಬಂತು. ಅಡಿವೆಪ್ಪ ಅಕ್ಕಗ ಸೀರಿ ತಗೊಂಡು ಬಂದ. ಮಡಚಿದ ಸೀರಿ ಎರಡೂ ಕೈಮ್ಯಾಲೆ ಹೊಚ್ಚಿಕೊಂಡು ಬಾಗಲದಾಗ ನಿಂತಿದ್ದನಂತ. ಊರಿಗೂರ ನೋಡಾಕತ್ತಿತ್ತು. ಸಂಕವ್ವ ಕೈ ಚಾಚಲಿಲ್ಲ.

"ಅಡಿವೆಪ್ಪಾ, ಕೆಳಗಿನ ಕೈ ತೋರಸು," ಅಂದಳಂತ.

"ಯಕ್ಕಾ, ನನ್ನೂ ಕೇಳತೀ?"

"ಊರಿಗೆ ಒತ್ತಿ ಇದ್ದಾಕಿ ನಾನು. ತೋರಸು."

ಅವ ಸೀರಿ ಬಿಚ್ಚಿ, ಝಾಡಿಸಿ, ಹೆಗಲ ಮ್ಯಾಲೆ ಹಾಕ್ಕೊಂಡು ಎರಡೂ ಅಂಗೈ ತೋರಿಸಿದನಂತ. ಖಾಲಿ ಇದ್ದವು. ಸಂಕವ್ವ ಆ ಕೈ ಹಿಡದು ಭಾಳೊತ್ತು ನೋಡಿದಳಂತ, ತಾ ತುತ್ತು ಇಟ್ಟು ಬೆಳಸಿದ ಕೈ. ಕಣ್ಣೀರು ಬಂದುವಂತ. ಆದ್ರೂ ಸೀರಿ ತಗೊಳ್ಳಲಿಲ್ಲಂತ. ಅವ ಹೊಳ್ಳಿ ಹೋದ, ಮತ್ತ ಬರಲಿಲ್ಲ. ಅವ ಮಾರಿಕೊಂಡಿದ್ದನೋ ಇಲ್ಲೋ, ಆಕಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಿಲ್ಲ.

ಈಗೂ ಎರಿಹಾಳದ ಸುತ್ತಿನ ಊರಾಗ ಪಂಚಮಿಗೆ ಅಣ್ಣತಮ್ಮಂದಿರು ಸೀರಿ ತಂದ್ರ ಮಡಚಿದ್ದು ಹಂಗ ಕೊಡೂದಿಲ್ಲ. ಬಾಗಲದಾಗ ನಿಂತು ಬಿಚ್ಚಿ ಝಾಡಿಸತಾರ, ಅಂಗೈ ತೋರಸತಾರ, ಆಮ್ಯಾಲೆ ಕೊಡತಾರ. ಸಣ್ಣ ಹುಡುಗ್ಯಾರು ನಗತಾವ, ಅವಕ್ಕ ಅದೊಂದು ಆಟ. ನನ್ನ ತಮ್ಮನೂ ಹಂಗ ಮಾಡತಾನ, ಮುದುಕಾದ್ರೂ ಬಿಟ್ಟಿಲ್ಲ. ಒಳ್ಳೇಂವ ಅವ, ಇರುವಿಗೂ ಕೇಡು ಬಯಸಿದಾಂವಲ್ಲ. ಆದ್ರೂ ನಾ ಕೈ ನೋಡೇ ತಗೋತೀನಿ.