ಕಡಲ ದಂಡೆಯ ಜೂಜುಮನೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಮ್ಮೂರಿನ ಬೆಟ್ಟಕ್ಕೆ ತಂಪು ಹವೆಗೆಂದು ಜನ ಬರುತ್ತಾರೆ. ಈಗ ಅಲ್ಲೊಂದು ಜೂಜುಮನೆ ಕಟ್ಟುತ್ತೇನೆಂದು ಒಬ್ಬರು ಬಂದಿದ್ದಾರೆ. ಒಪ್ಪುವುದೋ ಬಿಡುವುದೋ ಎಂದು ಹಿರಿಯರು ನನ್ನ ಮಾತಿಗೆ ಕಾದಿದ್ದಾರೆ. ನಮ್ಮವರಂತೂ ಆಡುವುದಿಲ್ಲ. ಪರವೂರಿನವರು ಆಡುತ್ತಾರೆ, ಸೋಲುತ್ತಾರೆ, ಹೋಗುತ್ತಾರೆ. ಇದರಲ್ಲಿ ಊರಿಗೇನು ನಷ್ಟ?”

ಗುರುಗಳಿಗೆ ಊಟದ ಕತೆಯೆಂದರೆ ಇಷ್ಟ. ಅಲ್ಲಿಂದಲೇ ತೆಗೆದರು.

ಕಡಲ ದಂಡೆಯಲ್ಲಿ ಒಂದು ಊರು. ಅಲ್ಲೊಬ್ಬ ಖಾನಾವಳಿಯವನು. ಅವನದೊಂದು ಹಟ. ಬಂದವರು ಕಡಲಿಗಿಳಿದು ಒದ್ದೆ ಕಾಲಲ್ಲಿ ಬಂದರೇ ಎಲೆ ಹಾಕುವುದು, ಒಣಕಾಲಿನವರಿಗೆ ಅನ್ನವಿಲ್ಲ.

“ಹಸಿದವನನ್ನು ನೀರಿಗೆ ಅಟ್ಟುತ್ತೀಯಲ್ಲಯ್ಯಾ, ನೀನೇನು ಖಾನಾವಳಿಯವನೋ, ಪುರೋಹಿತನೋ?” ಎಂದು ಜನ ಗೊಣಗುತ್ತಿದ್ದರು.

“ಸಾರು ಎಲ್ಲಾ ಊರಲ್ಲೂ ಸಿಗುತ್ತದೆ ಸ್ವಾಮಿ. ಮೊದಲು ನಮ್ಮೂರನ್ನು ನೋಡಿ ಬನ್ನಿ.”

ಗೊಣಗಿದವರೇ ಮರುವರ್ಷ ಹೆಂಡತಿ ಮಕ್ಕಳನ್ನು ಕರೆತರುತ್ತಿದ್ದರು. ದೋಣಿಯವರು ಅವರನ್ನು ಕಡಲಿಗೆ ಒಯ್ಯುತ್ತಿದ್ದರು.

ಒಬ್ಬ ವರ್ತಕ ಬಂದು ಜೂಜುಮನೆ ಕಟ್ಟುವೆನೆಂದ. ಊರವರು ಸಭೆ ಸೇರಿದರು. ಮೊದಲು ಕೈ ಎತ್ತಿದವನು ಖಾನಾವಳಿಯವನೇ. ಜನ ಹೆಚ್ಚಿದರೆ ಎಲೆ ಹೆಚ್ಚುತ್ತದೆ ಎಂಬುದು ಅವನ ಎಣಿಕೆ.

ಜನ ಬಂದರು, ಹಿಂದೆಂದೂ ಬಾರದಷ್ಟು. ಆದರೆ ಆಟಗಾರರು ಎದ್ದು ಹೋಗಬಾರದೆಂದು ವರ್ತಕ ಒಳಗೇ ಪುಕ್ಕಟೆ ಊಟ ಹಾಕಿಸಿದ. ಖಾನಾವಳಿಯ ಒಲೆ ಆರಿತು. ವರ್ತಕ ಕೆಟ್ಟವನಲ್ಲ, ನೋಡು. ಖಾನಾವಳಿಯವನನ್ನೇ ಕರೆದು ಮುಖ್ಯ ಅಡುಗೆಯವನನ್ನಾಗಿ ಮಾಡಿಕೊಂಡ. ದೋಣಿಯವರನ್ನು ಬಾಗಿಲು ಕಾಯಲು ಇಟ್ಟುಕೊಂಡ. ಸಂಬಳ ಒಳ್ಳೆಯದೇ. ಜಮಖಾನೆ ಕೆಡುತ್ತದೆ, ಒದ್ದೆ ಕಾಲಿನವರನ್ನು ಒಳಗೆ ಬಿಡಬೇಡಿ ಎಂದು ಅವರಿಗೆ ಆಜ್ಞೆ.

ವರ್ಷಗಳು ಕಳೆದವು. ಪ್ರತಿವರ್ಷ ಬರುತ್ತಿದ್ದ ಆಟಗಾರನೊಬ್ಬ ಕಣ್ಣನ್ನು ಆಟದ ಮೇಲೆಯೇ ಇಟ್ಟು ಅನ್ನ ಕಲಸುತ್ತಿದ್ದ. ಅಡುಗೆಯವನು ತಡೆಯಲಾರದೆ ಕೇಳಿದ: “ಸ್ವಾಮಿ, ಈ ಸಲವಾದರೂ ಕಡಲಿಗೆ ಹೋಗಿ ಬಂದಿರಾ?”

“ಓಹೋ, ಇಲ್ಲಿ ಕಡಲಿದೆಯೇ?” ಎಂದ ಆತ. ಗೇಲಿ ಮಾಡಿದ್ದಲ್ಲ. ನಿಜಕ್ಕೂ ಕೇಳಿದ್ದು.

ಮುಂದೆ ಇನ್ನೂ ದೊಡ್ಡ ಊರೊಂದು ಸಿಕ್ಕಿತೆಂದು ವರ್ತಕ ಬೀಗ ಹಾಕಿ ಹೊರಟ. ಖಾನಾವಳಿಯವನು ತನ್ನ ಹಳೆಯ ಒಲೆ ಹಚ್ಚಿ ಕಾದ. ಯಾರೂ ಬರಲಿಲ್ಲ. ಕಡಲಿಗಾಗಿ ಬರುತ್ತಿದ್ದವರು ಎಂದೋ ಬೇರೆ ದಂಡೆ ಹುಡುಕಿಕೊಂಡಿದ್ದರು. ಆಟಕ್ಕಾಗಿ ಬರುತ್ತಿದ್ದವರು ಆಟದ ಹಿಂದೆ ಹೋಗಿದ್ದರು. ದಾರಿ ತಪ್ಪಿ ಬಂದ ಒಬ್ಬನನ್ನಾದರೂ ದೋಣಿಯಲ್ಲಿ ಕೂರಿಸೋಣವೆಂದರೆ, ಹುಟ್ಟು ಹಾಕಬಲ್ಲವರಿಲ್ಲ. ಮುದುಕರ ತೋಳು ಸೋತಿತ್ತು. ಅವರ ಮಕ್ಕಳು ಬಾಗಿಲಲ್ಲಿ ನಿಲ್ಲುವುದನ್ನಷ್ಟೇ ಕಲಿತಿದ್ದರು. ಅವರು ಒಬ್ಬೊಬ್ಬರಾಗಿ ಬೇರೆ ಬಾಗಿಲು ಹುಡುಕಿಕೊಂಡು ಹೋದರು. ಕಡೆಗೆ ಖಾನಾವಳಿಯವನೂ ವರ್ತಕನ ಹೊಸ ಅಡುಗೆಮನೆಗೆಂದು ಗಂಟು ಕಟ್ಟಿದ.

ಕತೆ ಮುಗಿಯಿತು. ಶಿಷ್ಯ ಒಪ್ಪಲಿಲ್ಲ. “ಆದರೆ ಗುರುಗಳೇ, ಆ ಊರವರು ಒಂದು ದಿನವೂ ಜೂಜಾಡಲಿಲ್ಲವಲ್ಲ!”

“ಇಲ್ಲಪ್ಪ, ಆಡಿ ಸೋತವರಿಗಾದರೆ ಮರಳಿ ಹೋಗಲು ಒಂದು ಊರಿತ್ತು,” ಎಂದರು ಗುರುಗಳು.